ಡೆಟ್ರಾಯಿಟ್‌ಗೆ ಎಲ್ಲವೂ ಗೊತ್ತಿತ್ತು

1964ರ ಜನವರಿಯಲ್ಲಿ ನಡೆದ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಕಾರುಪ್ರಿಯರು ಇಂದಿಗೂ ನೆನೆಯುತ್ತಾರೆ. ಆಲ್ಪ್ಸ್ ಪರ್ವತದ ಹಿಮ ಕವಿದ ತಿರುವುಗಳಲ್ಲಿ ಪ್ಯಾಡಿ ಹಾಪ್‌ಕರ್ಕ್ ಓಡಿಸಿದ ಮಿನಿ ಕೂಪರ್ ಎಸ್ ಗೆದ್ದಿತು. ಅದರ ಎಂಜಿನ್ 1,071 ಸಿಸಿ, ಚಕ್ರಗಳು ಬರೀ 10 ಅಂಗುಲದವು. ಯುರೋಪಿನ ಕಾರು ತಿರುವಿನಲ್ಲಿ ಹುಲಿ, ಅಮೆರಿಕದ ಕಾರು ನೇರ ರಸ್ತೆಯಲ್ಲಷ್ಟೇ ಶೂರ ಎಂಬ ನಂಬಿಕೆಗೆ ಆ ಗೆಲುವು ಮೊಹರು ಒತ್ತಿತು. ಎರಡನೆಯ ಸ್ಥಾನಕ್ಕೆ ಬಂದ ಕಾರು ಯಾವುದೆಂದು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಅದು ಫೋರ್ಡ್ ಫಾಲ್ಕನ್. ಅಪ್ಪಟ ಅಮೆರಿಕನ್ ಕಾರು. ಮುಂದೆ ವಿ-8 ಎಂಜಿನ್, ಹಿಂದೆ ಲಾರಿಗಳಿಗಿರುವಂಥ ಲೀಫ್ ಸ್ಪ್ರಿಂಗು. ಓಡಿಸಿದವರು ಸ್ವೀಡನ್ನಿನ ಬೋ ಯುಂಗ್‌ಫೆಲ್ಟ್. ಬೆಟ್ಟದ ಹಂತಗಳಲ್ಲಿ ಬರೀ ಗಡಿಯಾರ ನೋಡಿದರೆ ಮಿನಿಗಿಂತ ಅವರೇ ಮುಂದಿದ್ದರು. ದೊಡ್ಡ ಎಂಜಿನ್ನಿಗೆ ದಂಡ, ಚಿಕ್ಕದಕ್ಕೆ ರಿಯಾಯಿತಿ ಎಂಬ ಅಂದಿನ ಅಂಕ ಪದ್ಧತಿ ಮಿನಿಯನ್ನು ಮೇಲಕ್ಕೆತ್ತಿತು.

ಆ ಫಾಲ್ಕನ್ ರ‍್ಯಾಲಿಗೆಂದೇ ಸಜ್ಜುಗೊಂಡ ಕಾರು, ಶೋರೂಮಿನಲ್ಲಿ ಸಿಗುತ್ತಿದ್ದ ಫಾಲ್ಕನ್ ಅಲ್ಲ, ನಿಜ. ಆದರೆ ಒಳಗಿನ ಮೂಳೆ ಅದೇ. ಅಂಥದ್ದನ್ನು ಮಾಡಬಲ್ಲ ದೇಶ ದಶಕಗಟ್ಟಲೆ ತಿರುವಿನಲ್ಲಿ ವಾಲಾಡುವ ಕಾರುಗಳನ್ನೇ ಲಕ್ಷಗಟ್ಟಲೆ ಮಾರಿದ್ದೇಕೆ? ತಿಳಿಯದೆಯೋ, ತಿಳಿದೂ ಬೇಡವೆಂದೋ? ಇದಕ್ಕೆ ಉತ್ತರ ಬೇಕಿದ್ದರೆ ಕಾರಿನ ಅಡಿಗೆ ತೂರಿ ಸ್ಪ್ರಿಂಗು, ಟಯರು, ಸ್ಟೀರಿಂಗುಗಳನ್ನು ಒಂದೊಂದಾಗಿ ನೋಡಬೇಕು.

ಮೊದಲು ಮೂರು ಗುಣಗಳನ್ನು ಬೇರ್ಪಡಿಸಿಕೊಳ್ಳೋಣ. ಹಳ್ಳಕೊಳ್ಳಗಳ ಪೆಟ್ಟು ಒಳಗೆ ಕೂತವರಿಗೆ ಎಷ್ಟು ತಟ್ಟುತ್ತದೆ ಎಂಬುದು ಒಂದು. ಜಾರಿಬಿಡುವ ಮುನ್ನ ಕಾರು ಎಷ್ಟು ವೇಗದಲ್ಲಿ ತಿರುವು ದಾಟಬಲ್ಲದು ಎಂಬ ರಸ್ತೆ ಹಿಡಿತ ಇನ್ನೊಂದು. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಕಾರು ಎಷ್ಟು ಬೇಗ, ಎಷ್ಟು ನಿಖರವಾಗಿ, ಎಷ್ಟು ನೆಚ್ಚಿಕೊಳ್ಳುವಂತೆ ಸ್ಪಂದಿಸುತ್ತದೆ ಎಂಬ ಹ್ಯಾಂಡ್ಲಿಂಗ್ ಮೂರನೆಯದು. ಮಾತಿನಲ್ಲಿ ಮೂರನ್ನೂ ಕಲೆಸುತ್ತೇವೆ. ಎಂಜಿನಿಯರಿಗೆ ಒಂದನ್ನು ಕೊಂಡರೆ ಇನ್ನೊಂದರಲ್ಲಿ ಬೆಲೆ ತೆರಬೇಕಾಗುತ್ತದೆ.

ಸೆಕೆಂಡಿಗೆ ಒಂದು ತೂಗು

ಕಾರಿನ ಬಾನೆಟ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಮೇಲೆ ಕೆಳಗೆ ತೂಗುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ ಎಂಬುದನ್ನು ಒಂದೇ ಒಂದು ಅಳತೆ ಹೇಳಿಬಿಡುತ್ತದೆ: ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದು. 25 ಸೆಂಟಿಮೀಟರ್ ಕುಗ್ಗಿದ್ದರೆ ಸೆಕೆಂಡಿಗೆ ಒಂದು ತೂಗು. 11 ಸೆಂಟಿಮೀಟರ್ ಆದರೆ ಒಂದೂವರೆ. 6 ಸೆಂಟಿಮೀಟರ್ ಆದರೆ ಎರಡು. ಮನುಷ್ಯನ ನಡಿಗೆಯ ಲಯ ಸೆಕೆಂಡಿಗೆ ಒಂದರಿಂದ ಎರಡು ಹೆಜ್ಜೆ. ಆ ನಿಧಾನಗತಿಯ ಏರಿಳಿತ ನಮ್ಮ ಮೈಗೆ ಹುಟ್ಟಿನಿಂದಲೇ ರೂಢಿ. ದೊಡ್ಡ ಅಮೆರಿಕನ್ ಸೆಡಾನುಗಳನ್ನು ಸೆಕೆಂಡಿಗೆ ಒಂದು ತೂಗಿನ ಹತ್ತಿರಕ್ಕೆ ಹೊಂದಿಸುತ್ತಿದ್ದರು. ಯುರೋಪಿನ ಸ್ಪೋರ್ಟ್ಸ್ ಕಾರುಗಳು ಒಂದೂವರೆಯಿಂದ ಎರಡರ ನಡುವೆ ಇರುತ್ತಿದ್ದವು.

ಈ ಮೆತ್ತನೆಯ ನಡೆ ಅಂದಾಜಿನಲ್ಲಿ ಬಂದದ್ದಲ್ಲ. ವೇಲ್ಸ್‌ನಲ್ಲಿ ಹುಟ್ಟಿ, ರೋಲ್ಸ್ ರಾಯ್ಸ್ ಕಂಪನಿಯ ಹೆನ್ರಿ ರಾಯ್ಸ್ ಅವರ ಬಳಿ ಪಳಗಿದ ಮಾರಿಸ್ ಓಲಿ ಎಂಬ ಎಂಜಿನಿಯರ್ 1930ರಲ್ಲಿ ಜನರಲ್ ಮೋಟರ್ಸ್‌ನ ಕ್ಯಾಡಿಲ್ಯಾಕ್ ವಿಭಾಗ ಸೇರಿದರು. ಅಲ್ಲಿ ಅವರು ಒಂದು ದೊಡ್ಡ ಲಿಮೊಸಿನ್ನಿಗೆ ಹಿಂದೆ ಮುಂದೆ ಸರಿಸಬಹುದಾದ ಭಾರಗಳನ್ನು ಕಟ್ಟಿ, ಸ್ಪ್ರಿಂಗುಗಳ ಬಿಗಿತವನ್ನು ಬದಲಿಸುತ್ತಾ ಪ್ರಯೋಗ ನಡೆಸಿದರು. ಉಬ್ಬಿಗೆ ಮುಂದಿನ ಚಕ್ರ ಮೊದಲು ತಾಗುತ್ತದೆ, ಹಿಂದಿನದು ಕ್ಷಣ ತಡವಾಗಿ. ಹಿಂಭಾಗ ತುಸು ಚುರುಕಾಗಿ ತೂಗಿದರೆ ಮುಂಭಾಗವನ್ನು ಹೋಗಿ ಕೂಡಿಕೊಳ್ಳುತ್ತದೆ, ಕಾರು ಮುಗ್ಗರಿಸದೆ ಮಟ್ಟಸವಾಗಿ ಏರಿಳಿಯುತ್ತದೆ. ಹಾಗಾಗಿ ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿರಬೇಕು. ಆದರೆ ಎರಡೂ ಚಕ್ರಗಳನ್ನು ಒಂದೇ ಕಂಬಿಗೆ ಸಿಕ್ಕಿಸಿದ ಹಳೆಯ ಮುಂಭಾಗ ಮೆತ್ತನೆಯ ಸ್ಪ್ರಿಂಗಿನ ಮೇಲೆ ಅದುರಿ ಹುಚ್ಚೆದ್ದು ಕುಣಿಯುತ್ತಿತ್ತು. ಒಂದೊಂದು ಚಕ್ರವೂ ಸ್ವತಂತ್ರವಾಗಿ ಏಳುವ, ಬೀಳುವ ಮುಂಭಾಗ ಬೇಕಾಯಿತು. 1934ರ ಜನರಲ್ ಮೋಟರ್ಸ್ (ಜಿಎಂ) ಕಾರುಗಳು ಅದನ್ನು ಹೊತ್ತು ಬಂದವು.

ಮೆತ್ತನೆಯ ಸ್ಪ್ರಿಂಗಿಗೆ ಬೆಲೆ ತೆರಬೇಕಾದದ್ದು ತಿರುವಿನಲ್ಲಿ. ಕಾರು ಹೊರಬದಿಗೆ ವಾಲುತ್ತದೆ. ಅಂದಿನ ಅಮೆರಿಕನ್ ವಿನ್ಯಾಸಗಳಲ್ಲಿ ಮೈ ವಾಲಿದ ಕಡೆಗೇ ಮುಂದಿನ ಚಕ್ರಗಳೂ ವಾಲುತ್ತಿದ್ದವು. ಆಗ ಟಯರು ನೆಲವನ್ನು ತನ್ನ ಪೂರ್ತಿ ಅಗಲದಿಂದ ಕಚ್ಚದೆ ಅಂಚಿನ ಮೇಲೆ ಓಡುತ್ತದೆ.

ಹಾಗೆಂದು ತಪ್ಪನ್ನೆಲ್ಲ ಸ್ಪ್ರಿಂಗಿನ ತಲೆಗೆ ಕಟ್ಟುವಂತಿಲ್ಲ. 1955ರ ಸಿಟ್ರೊಯೆನ್ ಡಿಎಸ್ ಎಣ್ಣೆ ಮತ್ತು ಅನಿಲದ ಒತ್ತಡದ ಮೇಲೆ ತೇಲುತ್ತಿತ್ತು; ಮೆತ್ತಗೆ ಓಡುವುದರಲ್ಲಿ ಅದು ಯಾವ ಅಮೆರಿಕನ್ ಕಾರಿಗೂ ಸೋಲುತ್ತಿರಲಿಲ್ಲ, ತಿರುವಿನಲ್ಲಿ ಹಿಡಿತವೂ ಬಿಡುತ್ತಿರಲಿಲ್ಲ. ಕಾಲಿನ್ ಚಾಪ್‌ಮನ್ 1962ರಲ್ಲಿ ತಂದ ಲೋಟಸ್ ಎಲಾನ್ 700 ಕಿಲೋ ಒಳಗಿನ ಸ್ಪೋರ್ಟ್ಸ್ ಕಾರು. ಅದರ ಸ್ಪ್ರಿಂಗುಗಳು ಆ ಜಾತಿಯ ಕಾರಿಗೆ ಅಚ್ಚರಿಯೆನಿಸುವಷ್ಟು ಮೆತ್ತಗಿದ್ದವು. ಗುಟ್ಟು ಇದ್ದದ್ದು ಬೇರೆಡೆ. ಚಕ್ರ ಏರುವಾಗ ಇಳಿಯುವಾಗ ಯಾವ ದಾರಿಯಲ್ಲಿ ಸಾಗಬೇಕೆಂದು ನಿಗದಿ ಮಾಡುವ ತೋಳುಗಳ ಜ್ಯಾಮಿತಿಯಲ್ಲಿ ಮತ್ತು ತೂಗಾಟವನ್ನು ಹತ್ತಿಕ್ಕುವ ಶಾಕ್ ಅಬ್ಸಾರ್ಬರಿನಲ್ಲಿ. ಅಮೆರಿಕದ ಬಹುಪಾಲು ಸೆಡಾನುಗಳು ಈ ಎರಡನೆಯದರಲ್ಲಿ ಜುಗ್ಗತನ ಮಾಡಿದವು. ದುರ್ಬಲ ಶಾಕ್ ಅಬ್ಸಾರ್ಬರ್ ಇರುವ ಕಾರು ಬಡಾವಣೆಯ ಬೀದಿಯಲ್ಲಿ ರೇಷ್ಮೆಯಂತೆ ಸಾಗುತ್ತದೆ, ಕೊಳ್ಳಲು ಬಂದವರು ಮರುಳಾಗುತ್ತಾರೆ. ವೇಗದಲ್ಲಿ ಒಂದು ಉಬ್ಬು ದಾಟಿದ ಮೇಲೆ ಮೈ ಮತ್ತೆರಡು ಬಾರಿ ತೂಗಾಡುವುದು ಗೊತ್ತಾಗುವುದು ಹಣ ಕೊಟ್ಟ ನಂತರ.

ನೆಲ ಮುಟ್ಟುವ ನಾಲ್ಕು ಅಂಗೈ

ಕಾರು ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ತಿರುಗಿಸುವ ಬಲವೆಲ್ಲ ಅಲ್ಲಿಂದಲೇ ಬರಬೇಕು. ರಬ್ಬರು ಸ್ಥಿತಿಸ್ಥಾಪಕ ವಸ್ತು. ಆದ್ದರಿಂದ ಚಕ್ರ ಮುಖ ಮಾಡಿದ ದಿಕ್ಕೂ ಅದು ನಿಜವಾಗಿ ಸಾಗುವ ದಿಕ್ಕೂ ತಿರುವಿನಲ್ಲಿ ಒಂದೇ ಆಗಿರುವುದಿಲ್ಲ. ನಡುವೆ ಕೆಲವು ಡಿಗ್ರಿಗಳ ಕೋನವಿರುತ್ತದೆ, ಅದನ್ನು ಸ್ಲಿಪ್ ಕೋನ ಎನ್ನುತ್ತಾರೆ. ಮುಂದಿನ ಟಯರುಗಳ ಕೋನ ಹಿಂದಿನವಕ್ಕಿಂತ ಹೆಚ್ಚಾದರೆ ಕಾರು ಚಾಲಕ ಬಯಸಿದ್ದಕ್ಕಿಂತ ಕಡಿಮೆ ತಿರುಗುತ್ತದೆ: ಅಂಡರ್‌ಸ್ಟಿಯರ್. ಹಿಂದಿನವು ಹೆಚ್ಚಾದರೆ ಬಾಲ ಹೊರಕ್ಕೆ ಬೀಸುತ್ತದೆ: ಓವರ್‌ಸ್ಟಿಯರ್. ಈ ಲೆಕ್ಕವನ್ನು ಬಿಡಿಸಿಟ್ಟು, ಈ ಮಾತುಗಳನ್ನು ಬಳಕೆಗೆ ತಂದವರಲ್ಲಿಯೂ ಓಲಿ ಅವರೇ ಮೊದಲಿಗರು. ಅಂದರೆ ಹ್ಯಾಂಡ್ಲಿಂಗ್ ಶಾಸ್ತ್ರದ ತೊಟ್ಟಿಲು ತೂಗಿದ್ದು ಮಿಷಿಗನ್ ರಾಜ್ಯದಲ್ಲಿ.

ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್ ಬುದ್ಧಿಪೂರ್ವಕವಾಗಿ ಅಂಡರ್‌ಸ್ಟಿಯರ್ ಆರಿಸಿಕೊಂಡಿತು. ಮೂತಿ ಜಾರಿದಾಗ ಸಾಮಾನ್ಯ ಚಾಲಕ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ, ಕಾರು ನಿಧಾನಿಸಿ ದಾರಿಗೆ ಬರುತ್ತದೆ. ಬಾಲ ಬೀಸಿದಾಗ ಅದೇ ಕೆಲಸ ಮಾಡಿದರೆ ಕಾರು ಗಿರಕಿ ಹೊಡೆಯುತ್ತದೆ. ರೇಸ್ ಚಾಲಕರಿಗೆ ಬೇಸರ ಹುಟ್ಟಿಸಿದ ಈ ಮಂದ ಮೂತಿ ಕೋಟ್ಯಂತರ ಮನೆಮಂದಿಯನ್ನು ಕಾಪಾಡಲೆಂದೇ ಇಟ್ಟದ್ದು.

ಟಯರಿಗೆ ಇನ್ನೊಂದು ದೌರ್ಬಲ್ಯವಿದೆ. ಒಂದು ಮೂಟೆ ಹೊತ್ತು ಚುರುಕಾಗಿ ನಡೆಯುವ ಹಮಾಲಿ ಎರಡು ಮೂಟೆ ಹೇರಿದರೆ ಎರಡರಷ್ಟು ಕೆಲಸ ಮಾಡಲಾರ. ಟಯರೂ ಹಾಗೆಯೇ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ತಿರುವಿನಲ್ಲಿ ಒಳಬದಿಯ ಟಯರಿನಿಂದ ಹೊರಬದಿಗೆ ಭಾರ ವರ್ಗವಾದಾಗ ಒಟ್ಟು ಹಿಡಿತ ಕುಸಿಯುತ್ತದೆ. ಎರಕದ ಕಬ್ಬಿಣದ ವಿ-8 ಎಂಜಿನ್ ಮೂತಿಯಲ್ಲಿ ಕೂತಿರುವ ಕಾರಿನಲ್ಲಿ ಮುಂದಿನ ಹೊರಗಾಲಿಯ ಪಾಡು ಹೇಳತೀರದು. ಸಾಲದ್ದಕ್ಕೆ, ಮೆತ್ತಗಿರಲೆಂದು ಅದರೊಳಗೆ 24 ಪೌಂಡ್ ಆಸುಪಾಸಿನಷ್ಟೇ ಗಾಳಿ ತುಂಬಿಸಲು ಕಂಪನಿಗಳೇ ಹೇಳುತ್ತಿದ್ದವು.

ಎರಡು ಖಂಡಗಳ ನಡುವಿನ ಅತಿ ದೊಡ್ಡ ಅಂತರ ಟಯರಿನ ಒಳಗೇ ಅಡಗಿತ್ತು. ಹಳೆಯ ಬಯಾಸ್ ಪ್ಲೈ ಟಯರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯುತ್ತವೆ. ಪಕ್ಕದ ಗೋಡೆ ಬಾಗಿದರೆ ನೆಲ ಮುಟ್ಟುವ ಪಟ್ಟಿಯೂ ನುಲಿಯುತ್ತದೆ. ಫ್ರಾನ್ಸಿನ ಮಿಷೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟಯರಿನಲ್ಲಿ ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಸಾಗುತ್ತವೆ, ಅವುಗಳ ಮೇಲೆ ಸುತ್ತಲೂ ಉಕ್ಕಿನ ಪಟ್ಟಿ ಇರುತ್ತದೆ. ಗೋಡೆ ಬೇಕಾದಷ್ಟು ಬಾಗಲಿ, ಪಟ್ಟಿ ನೆಲದ ಮೇಲೆ ಚಪ್ಪಟೆಯಾಗಿಯೇ ಇರುತ್ತದೆ. ಕಡಿಮೆ ಸ್ಲಿಪ್ ಕೋನದಲ್ಲಿಯೇ ಹೆಚ್ಚು ಬಲ, ಒದ್ದೆ ರಸ್ತೆಯಲ್ಲಿ ಉತ್ತಮ ಹಿಡಿತ, ಬಾಳಿಕೆಯೂ ಹೆಚ್ಚು. ಯುರೋಪು ಐವತ್ತರ ದಶಕದಲ್ಲಿಯೇ ಅದಕ್ಕೆ ಒಲಿಯಿತು. ಅಮೆರಿಕದ ಟಯರು ಕಂಪನಿಗಳ ಯಂತ್ರಗಳೆಲ್ಲ ಹಳೆಯ ಬಗೆಯವು, ಬದಲಿಸಲು ಅಪಾರ ಬಂಡವಾಳ ಬೇಕಿತ್ತು. ಜೊತೆಗೆ ರೇಡಿಯಲ್ ಟಯರು ನಿಧಾನ ವೇಗದಲ್ಲಿ ರಸ್ತೆಯ ಗೀರುಗಳನ್ನು ಟಪಟಪ ಎಂದು ಒಳಗೆ ದಾಟಿಸುತ್ತಿತ್ತು. ಮೌನವನ್ನೇ ಮಾರುತ್ತಿದ್ದ ಡೆಟ್ರಾಯಿಟ್‌ಗೆ ಅದು ಹಿಡಿಸಲಿಲ್ಲ. ಸಿಯರ್ಸ್ ಅಂಗಡಿಗಳು 1966ರಲ್ಲಿ ಮಿಷೆಲಿನ್ ತಯಾರಿಸಿದ ರೇಡಿಯಲ್‌ಗಳನ್ನು ಮಾರತೊಡಗಿದವು. 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ಕಾರ್ಖಾನೆಯಿಂದಲೇ ರೇಡಿಯಲ್ ತೊಟ್ಟು ಬಂತು. ಅಷ್ಟರಲ್ಲಿ ಎರಡು ದಶಕ ಕಳೆದಿದ್ದವು. ಅರವತ್ತರ ದಶಕದ ಇಬ್ಬರು ಚಾಲಕರು ಹೋಲಿಸುತ್ತಿದ್ದದ್ದು ಕಾರುಗಳನ್ನು ಎಂದುಕೊಂಡಿದ್ದರೆ, ಎಷ್ಟೋ ಬಾರಿ ಅವರು ಹೋಲಿಸುತ್ತಿದ್ದದ್ದು ಟಯರುಗಳನ್ನು.

ಹೊರಳುವ ಸೋಮಾರಿತನ

1959ರಲ್ಲಿ ಬಂದ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸೋಣ. ಆಕಾಶಕ್ಕೆ ರೆಕ್ಕೆ ಚಾಚಿದ ಕ್ಯಾಡಿಲ್ಯಾಕ್: 5.7 ಮೀಟರ್ ಉದ್ದ, ಸುಮಾರು 2,200 ಕಿಲೋ ತೂಕ, 6.4 ಲೀಟರ್ ಎಂಜಿನ್. ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ: 3.05 ಮೀಟರ್, ಸುಮಾರು 600 ಕಿಲೋ, 848 ಸಿಸಿ. ಒಂದು ವಸ್ತುವನ್ನು ಅದರ ನಡುವಿನ ಸುತ್ತ ಹೊರಳಿಸುವುದು ಎಷ್ಟು ಕಷ್ಟವೆಂಬುದು ತೂಕ ಮತ್ತು ಉದ್ದದ ವರ್ಗ ಎರಡನ್ನೂ ಅವಲಂಬಿಸುತ್ತದೆ. ಒರಟು ಲೆಕ್ಕದಲ್ಲಿ ಕ್ಯಾಡಿಲ್ಯಾಕ್‌ನ ಹೊರಳು ಜಡತ್ವ ಮಿನಿಯ 12-13 ಪಟ್ಟು. ಹೊರಳಿಸಲು ಅದಕ್ಕಿರುವ ಬಲವೂ ಹೆಚ್ಚೇ: ತೂಕಕ್ಕೆ ತಕ್ಕಂತೆ ಟಯರಿನ ಬಲ, ಚಕ್ರಗಳ ಅಂತರಕ್ಕೆ ತಕ್ಕಂತೆ ಸನ್ನೆಯ ಉದ್ದ. ಎರಡನ್ನೂ ಗುಣಿಸಿದರೆ ಸುಮಾರು 6 ಪಟ್ಟು. 6 ಪಟ್ಟು ಬಲದಿಂದ 12 ಪಟ್ಟು ಜಡತ್ವವನ್ನು ಹೊರಳಿಸಬೇಕು. ಟಯರು, ಸ್ಪ್ರಿಂಗು ಎಲ್ಲವೂ ಅತ್ಯುತ್ತಮವಾಗಿದ್ದರೂ ಕ್ಯಾಡಿಲ್ಯಾಕ್ ಮಿನಿಯ ಅರ್ಧದಷ್ಟು ಚುರುಕಾಗಿ ಮಾತ್ರ ದಿಕ್ಕು ಬದಲಿಸಬಲ್ಲದು. ಇದು ಗಾತ್ರದ ಶಾಪ, ಎಂಜಿನಿಯರನ ದೋಷವಲ್ಲ.

ಅಷ್ಟು ಭಾರದ ಮೂತಿಯನ್ನು ತೋಳ್ಬಲದಿಂದ ತಿರುಗಿಸಬೇಕಾದಾಗ ಸ್ಟೀರಿಂಗ್ ಗೇರನ್ನು ನಿಧಾನಗೊಳಿಸದೆ ವಿಧಿಯಿರಲಿಲ್ಲ. ಅಮೆರಿಕನ್ ಸೆಡಾನಿನಲ್ಲಿ ಈ ತುದಿಯಿಂದ ಆ ತುದಿಗೆ ಐದರ ಆಸುಪಾಸು ಸುತ್ತು. ಮಿನಿಗೆ ಎರಡೂವರೆಗಿಂತ ಕಡಿಮೆ. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಪವರ್ ಸ್ಟೀರಿಂಗ್ ತಂದಾಗ ಒಂದೇ ಬೆರಳಲ್ಲಿ ಕಾರು ನಿಲ್ಲಿಸುವುದು ಸಾಧ್ಯವಾಯಿತು. ಆದರೆ ಟಯರು ಹಿಡಿತ ಕಳೆದುಕೊಳ್ಳುವ ಮುನ್ನ ಕೈಗೆ ಮುಟ್ಟಿಸುವ ಸುದ್ದಿ ಎಣ್ಣೆಯ ಒತ್ತಡದಲ್ಲಿ ಕರಗಿಹೋಯಿತು. ಯುರೋಪಿನ ಹಗುರ ಕಾರುಗಳಿಗೆ ಹಲ್ಲಿನ ಪಟ್ಟಿಯನ್ನು ಗೇರು ನೇರವಾಗಿ ತಳ್ಳುವ ರ‍್ಯಾಕ್ ಅಂಡ್ ಪಿನಿಯನ್ ಸಾಕಾಗುತ್ತಿತ್ತು. ಇಸಿಗೊನಿಸ್ 1948ರ ಮಾರಿಸ್ ಮೈನರಿಗೆ ಅದನ್ನೇ ಇಟ್ಟಿದ್ದರು. ಮಾರಿಸ್ ಆಕ್ಸ್‌ಫರ್ಡ್‌ನ ವಂಶದ ನಮ್ಮ ಅಂಬಾಸಡರ್‌ನಲ್ಲಿಯೂ ಇದ್ದದ್ದು ಅದೇ.

ಯುರೋಪಿನ ಪಾಪಗಳು

ಇಷ್ಟು ಕೇಳಿ ಯುರೋಪಿನ ಕಾರುಗಳೆಲ್ಲ ತಿರುವಿನ ಸಂತರೆಂದು ಭಾವಿಸಬಾರದು. ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 356, 1954ರ ಮರ್ಸಿಡಿಸ್ 300 ಎಸ್‌ಎಲ್, ಟ್ರಯಂಫ್ ಹೆರಾಲ್ಡ್ ಎಲ್ಲಕ್ಕೂ ಹಿಂದೆ ಸ್ವಿಂಗ್ ಆಕ್ಸಲ್ ಇತ್ತು. ನಡುವಿನ ಗೇರುಪೆಟ್ಟಿಗೆಯ ಬಳಿ ಮಾತ್ರ ಕೀಲು, ಚಕ್ರದ ಬಳಿ ಇಲ್ಲ. ತಿರುವಿನಲ್ಲಿ ಪಕ್ಕದ ಬಲ ಹೆಚ್ಚಿದಾಗ ಹೊರ ಚಕ್ರ ಕಾರಿನ ಬಾಲವನ್ನೇ ಮೇಲಕ್ಕೆ ಎತ್ತಿ, ತಾನು ಒಳಕ್ಕೆ ಮಡಚಿಕೊಳ್ಳುತ್ತದೆ. ಹಿಡಿತ ಒಮ್ಮೆಗೇ ಮಾಯ, ಬಾಲ ಬೀಸು. ಮರ್ಸಿಡಿಸ್ 1957ರ ರೋಡ್‌ಸ್ಟರ್ ಮಾದರಿಯಲ್ಲಿ ಕೀಲನ್ನು ಕೆಳಗಿಳಿಸಿ ಇದನ್ನು ಪಳಗಿಸಬೇಕಾಯಿತು.

ವಿಪರ್ಯಾಸವೆಂದರೆ ಹ್ಯಾಂಡ್ಲಿಂಗ್‌ಗಾಗಿ ಅತಿ ಹೆಚ್ಚು ಬೈಗುಳ ತಿಂದ ಅಮೆರಿಕನ್ ಕಾರು ಯುರೋಪಿನ ದಾರಿ ಹಿಡಿದದ್ದು. 1960ರ ಶೆವ್ರೊಲೆ ಕಾರ್ವೇರ್‌ಗೆ ಎಂಜಿನ್ ಹಿಂದೆ, ಅಲ್ಲಿಯೇ ಸ್ವಿಂಗ್ ಆಕ್ಸಲ್. ವಾಲಾಟ ತಡೆಯುವ ಮುಂದಿನ ಕಂಬಿಯನ್ನು (ಆಂಟಿರೋಲ್ ಬಾರ್) ಖರ್ಚು ಉಳಿಸಲು ಕೈಬಿಟ್ಟು, ಮುಂದಿನ ಟಯರಿಗೆ 15 ಪೌಂಡ್, ಹಿಂದಿನದಕ್ಕೆ 26 ಪೌಂಡ್ ಗಾಳಿ ತುಂಬಿಸಿ ಎಂದು ಕಂಪನಿ ಹೇಳಿತು. ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಅಳತೆ ತುಂಬಿಸಿದರೆ ಕಾರಿನ ಸ್ವಭಾವವೇ ಬದಲಾಗುತ್ತಿತ್ತು. ಕಾರು ಸುರಕ್ಷತೆಯ ಹೋರಾಟಗಾರ ರಾಲ್ಫ್ ನಾಡರ್ 1965ರ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟರು. ಅಷ್ಟರಲ್ಲಿ ಜಿಎಂ ಹಿಂದಿನ ಸಸ್ಪೆನ್ಷನ್ನನ್ನು ಪೂರ್ತಿ ಬದಲಿಸಿಯಾಗಿತ್ತು. ಆರಂಭದ ಕಾರ್ವೇರ್ ಕೂಡ ತನ್ನ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 1972ರಲ್ಲಿ ಹೇಳಿತು. ಹೋಲಿಕೆಗೆ ತೆಗೆದುಕೊಂಡ ಕಾರುಗಳಲ್ಲಿ ಬೀಟಲ್ ಕೂಡ ಇತ್ತು.

ಇನ್ನೊಂದು ಕಡೆ, ಹಿಂದಿನ ಎರಡು ಚಕ್ರಗಳನ್ನು ಒಂದೇ ಗಡಸು ಆಕ್ಸಲ್ಲಿಗೆ ಸಿಕ್ಕಿಸುವುದು ಅಮೆರಿಕದ ಹಳೆಯ ರೋಗವೆಂದು ಹೇಳುವವರಿದ್ದಾರೆ. 1962ರ ಆಲ್ಫಾ ರೋಮಿಯೊ ಜೂಲಿಯಾಗೂ ಅಂಥದೇ ಆಕ್ಸಲ್ ಇತ್ತು. ಅದನ್ನು ಸರಿಯಾದ ತೋಳುಗಳಿಂದ ಬಿಗಿಹಿಡಿದಿದ್ದರಿಂದ ಇಟಲಿಯ ತಿರುವುಗಳಲ್ಲಿ ಅದು ಮೆರೆಯಿತು.

ರಸ್ತೆ, ತೆರಿಗೆ, ಪೆಟ್ರೋಲು

ಹಾಗಾದರೆ ಎರಡು ಖಂಡಗಳು ಎರಡು ದಾರಿ ಹಿಡಿದದ್ದೇಕೆ? ಬ್ರಿಟನ್ 1947ರವರೆಗೆ ಎಂಜಿನ್ ಸಿಲಿಂಡರಿನ ಅಡ್ಡಳತೆ ನೋಡಿ ಕಾರಿಗೆ ತೆರಿಗೆ ಹಾಕುತ್ತಿತ್ತು. ಇಟಲಿ, ಫ್ರಾನ್ಸ್‌ಗಳೂ ದೊಡ್ಡ ಎಂಜಿನ್ನಿಗೆ ದುಬಾರಿ ತೆರಿಗೆ ಹೇರಿದ್ದವು. ಪೆಟ್ರೋಲೂ ತುಟ್ಟಿ. ಎಂಜಿನ್ ಚಿಕ್ಕದಾಯಿತು, ಅದು ಎಳೆಯಬಲ್ಲ ಕಾರು ಹಗುರವಾಯಿತು. ಶಕ್ತಿ ಕಡಿಮೆಯಿದ್ದಾಗ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಮರಳಿ ಪಡೆಯುವುದು ಕಷ್ಟ; ಆದ್ದರಿಂದ ಕಳೆದುಕೊಳ್ಳದೆಯೇ ತಿರುವು ದಾಟುವ ಕಾರಿಗೆ ಬೆಲೆ. ಮೇಲೆ ರಸ್ತೆಗಳು: ಇಟಲಿಯ ಸ್ಟೆಲ್ವಿಯೊ ಘಾಟಿಯ ಒಂದೇ ಬದಿಯಲ್ಲಿ 48 ಹಿಮ್ಮುರಿ ತಿರುವುಗಳಿವೆ.

ಅಮೆರಿಕದಲ್ಲಿ ಇದೆಲ್ಲ ತಿರುವುಮುರುವು. ಪೆಟ್ರೋಲು ಅಗ್ಗ, ಎಂಜಿನ್ ಗಾತ್ರಕ್ಕೆ ತೆರಿಗೆಯ ಹೊಡೆತವಿಲ್ಲ. 1956ರ ಕಾನೂನು 41,000 ಮೈಲಿ ಅಂತರರಾಜ್ಯ ಹೆದ್ದಾರಿಗೆ ಅಡಿಪಾಯ ಹಾಕಿತು. ಕಾನ್ಸಾಸಿನ ಬಯಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಐದಾರು ಜನರನ್ನು ಕೂರಿಸಿಕೊಂಡು ಸಾಗುವವರಿಗೆ ಬೇಕಿದ್ದದ್ದು ಬಳಲಿಸದ ಕಾರು. ಅಲ್ಲಿ ಮಿನಿಯ 848 ಸಿಸಿ ಎಂಜಿನ್ ದಿನವಿಡೀ ಕಿರುಚಬೇಕಾಗುತ್ತಿತ್ತು, ಕ್ಯಾಡಿಲ್ಯಾಕ್ ನಿದ್ದೆಗಣ್ಣಲ್ಲೇ ಓಡುತ್ತಿತ್ತು.

ಜ್ಞಾನದ ಕೊರತೆ ಇತ್ತೇ? ಖಂಡಿತ ಇಲ್ಲ. ವಿಮಾನಗಳ ಸ್ಥಿರತೆಯ ತಜ್ಞ ವಿಲಿಯಂ ಮಿಲಿಕನ್ ಮತ್ತು ಸಂಗಡಿಗರು ಬಫಲೋ ನಗರದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯದಲ್ಲಿ 1952ರಿಂದ ಜಿಎಂಗಾಗಿ ಕಾರಿನ ಚಲನೆಯನ್ನು ವಿಮಾನದ ಗಣಿತದಿಂದಲೇ ಬಿಡಿಸತೊಡಗಿದರು. 1956ರಲ್ಲಿ ಅವರು ತಮ್ಮ ಪ್ರಬಂಧಗಳನ್ನು ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಮುಂದಿಟ್ಟರು. ಯುರೋಪು ಸೇರಿದಂತೆ ಜಗತ್ತಿನ ಹ್ಯಾಂಡ್ಲಿಂಗ್ ವಿಜ್ಞಾನ ಇಂದಿಗೂ ಆ ಬುನಾದಿಯ ಮೇಲಿದೆ. ಆ ತಂಡದ ಲೆನರ್ಡ್ ಸೆಗೆಲ್ ತಮ್ಮ ಸಮೀಕರಣಗಳನ್ನು ಒರೆಗೆ ಹಚ್ಚಿದ್ದು ಒಂದು ಬ್ಯೂಯಿಕ್ ಕಾರಿನ ಮೇಲೆ.

ಕೈಚಳಕದ ಕೊರತೆಯೂ ಇರಲಿಲ್ಲ. ಕ್ರೈಸ್ಲರ್ 1957ರಲ್ಲಿಯೇ ತನ್ನ ಕಾರುಗಳ ಮುಂಭಾಗಕ್ಕೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಕೊಟ್ಟು ವಾಲಾಟ ತಗ್ಗಿಸಿತು. ಪೊಲೀಸರಿಗೆ ಮಾರುವ ಸೆಡಾನುಗಳಿಗೆ ಬಿಗಿ ಸ್ಪ್ರಿಂಗು, ಗಟ್ಟಿ ಶಾಕ್ ಅಬ್ಸಾರ್ಬರ್ ಅದೇ ಕಾರ್ಖಾನೆಗಳೇ ಹಾಕುತ್ತಿದ್ದವು. 1965ರಲ್ಲಿ ರೇಸ್ ಕಾರು ತಯಾರಕ ಕ್ಯಾರಲ್ ಶೆಲ್ಬಿಯವರ ತಂಡ ಸಾಧಾರಣ ಫೋರ್ಡ್ ಮಸ್ಟಾಂಗಿನ ಮುಂದಿನ ಮೇಲ್ತೋಳಿನ ಕೀಲನ್ನು ಸುಮಾರು ಒಂದು ಅಂಗುಲ ಕೆಳಗಿಳಿಸಿತು. ಅದರ ಜ್ಯಾಮಿತಿಯನ್ನು ಲೆಕ್ಕ ಹಾಕಿದವರು ಫೋರ್ಡ್‌ನ ಕ್ಲಾಸ್ ಆರ್ನಿಂಗ್. ಜೊತೆಗೆ ದಪ್ಪನೆಯ ಆಂಟಿರೋಲ್ ಬಾರ್, ಕೋನಿ ಶಾಕ್ ಅಬ್ಸಾರ್ಬರ್, ಹಿಂದಿನ ಆಕ್ಸಲ್ ಹಿಡಿಯಲು ಕಂಬಿಗಳು. ವಾಲಿದಾಗಲೂ ಟಯರು ನೆಟ್ಟಗೆ ನಿಲ್ಲತೊಡಗಿತು. ಮನೆಮಂದಿಯ ಫಾಲ್ಕನ್ನಿನ ಭಾಗಗಳಿಂದ ಹುಟ್ಟಿದ ಮಸ್ಟಾಂಗ್ ಹೀಗೆ ಜಿಟಿ 350 ಆಗಿ ರೇಸುಗಳನ್ನು ಗೆದ್ದಿತು.

ಇತಿಹಾಸ ನಡೆಸಿದ ಪ್ರಯೋಗ

ಪರಿಸ್ಥಿತಿಯೇ ಕಾರಣವೆಂಬ ವಾದ ನಿಜವಾಗಿದ್ದರೆ, ಪರಿಸ್ಥಿತಿ ಬದಲಾದಾಗ ಕಾರೂ ಬದಲಾಗಬೇಕು. ಇತಿಹಾಸ ಆ ಪ್ರಯೋಗವನ್ನು ತಾನೇ ಮಾಡಿ ತೋರಿಸಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಬಂಕುಗಳ ಮುಂದೆ ಸಾಲು ಬೆಳೆಯಿತು. 1975ರಲ್ಲಿ ಮೈಲೇಜಿಗೆ ಕಾನೂನು ಬಂತು. ರೇಡಿಯಲ್ ಟಯರು ಇಂಧನ ಉಳಿಸುತ್ತದೆಂಬ ಕಾರಣಕ್ಕೆ ಹಳೆಯ ತಕರಾರುಗಳೆಲ್ಲ ಬದಿಗೆ ಸರಿದವು. ಅದಕ್ಕೆ ತಕ್ಕಂತೆ ರಬ್ಬರ್ ಬುಷ್‌ಗಳನ್ನು, ಶಾಕ್ ಅಬ್ಸಾರ್ಬರುಗಳನ್ನು ಹೊಂದಿಸಿದರು. 1977ರ ಶೆವ್ರೊಲೆ ಕಾಪ್ರೀಸ್ ಹಿಂದಿನ ಮಾದರಿಗಿಂತ ಸುಮಾರು 300 ಕಿಲೋ ಹಗುರವಾಗಿ, ಉದ್ದದಲ್ಲಿ ಚಿಕ್ಕದಾಗಿ ಬಂತು. ಬಿಗಿ ಸ್ಪ್ರಿಂಗು, ದಪ್ಪ ಆಂಟಿರೋಲ್ ಬಾರ್ ಇರುವ ಎಫ್ 41 ಎಂಬ ಸಸ್ಪೆನ್ಷನ್ನನ್ನು ಸ್ವಲ್ಪ ಹೆಚ್ಚು ಹಣ ಕೊಟ್ಟು ಹಾಕಿಸಿಕೊಂಡರೆ ಆ ದೊಡ್ಡ ಸೆಡಾನು ತಿರುವಿನಲ್ಲಿ ಪರೀಕ್ಷಕರ ಮೆಚ್ಚುಗೆ ಗಳಿಸುತ್ತಿತ್ತು. ಹಿಂದಿನ ಆಕ್ಸಲ್ ಆಗಲೂ ಗಡಸು ಆಕ್ಸಲ್ಲೇ, ಮೂತಿಯಲ್ಲಿ ಆಗಲೂ ವಿ-8.

ಇಂದು ಹಳೆಯ ಅಮೆರಿಕನ್ ಕಾರು ಇಟ್ಟುಕೊಂಡವರು ಮೊದಲು ಮಾಡುವ ಕೆಲಸವೂ ಇದನ್ನೇ ಸಾಬೀತುಪಡಿಸುತ್ತದೆ. ರೇಡಿಯಲ್ ಟಯರು, ಒಳ್ಳೆಯ ಶಾಕ್ ಅಬ್ಸಾರ್ಬರು, ದಪ್ಪ ಆಂಟಿರೋಲ್ ಬಾರು ಹಾಕಿಸಿದರೆ ಚಾಸಿಗೆ ಕೈ ಹಚ್ಚದೆಯೇ ಕಾರು ಬೇರೆಯಾಗಿಬಿಡುತ್ತದೆ. ಬಫಲೋದಲ್ಲಿ ಬರೆದ ಸಮೀಕರಣಗಳು 1956ರಲ್ಲಿ ಹೇಗಿದ್ದವೋ 1977ರಲ್ಲಿಯೂ ಹಾಗೆಯೇ ಇದ್ದವು. ಆ ನಡುವೆ ಬದಲಾದದ್ದು ಪೆಟ್ರೋಲಿನ ಬೆಲೆ.